ಎಣಿಕೆಗೆ ಬಾರದ ಕಾಯಕ
(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಕಾಯಕವನ್ನೂ ಸ್ತ್ರೀಯರನ್ನೂ ಕುರಿತು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಕಾಯಕತತ್ತ್ವವನ್ನು ಈ ಪೀಠದ ಮುಂದೆ ಉಪದೇಶಿಸುವ ಅಧಿಕಾರವು ನನಗಿಲ್ಲ. ಆದುದರಿಂದ ಆ ತತ್ತ್ವವನ್ನು ಇನ್ನೊಂದು ದಿಕ್ಕಿನಿಂದ ನೋಡಲು ಸಹಾಯ ಮಾಡುವ ಒಬ್ಬ ವಿದುಷಿಯ ಜೀವಿತಕಾರ್ಯವನ್ನು ತಮ್ಮ ಮುಂದಿಡುವೆನು. ಆಕೆಯು ಮೈಸೂರಿನಲ್ಲಿ 1933ರಲ್ಲಿ ಜನಿಸಿದ ಅರ್ಥಶಾಸ್ತ್ರಜ್ಞೆ ಶ್ರೀಮತಿ ದೇವಕಿ ಜೈನ್ ಅವರು.

ಇವರು ನಮ್ಮ ಸಂಪ್ರದಾಯದಲ್ಲಿ ಹುಟ್ಟಿದವರಲ್ಲ. ಶರಣರ ವಚನಗಳಿಂದ ತಮ್ಮ ಸಿದ್ಧಾಂತವನ್ನು ತೆಗೆದರೆಂದೂ ನಾನು ಹೇಳುತ್ತಿಲ್ಲ. ಇವರ ಮೇಲೆ ಹೆಚ್ಚು ಪ್ರಭಾವ ಬೀರಿದವರು ಗಾಂಧೀಜಿ. ಆದರೆ ಇವರು ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿದ ಪ್ರಶ್ನೆಯು ನಮಗೆ ಬಹಳ ಹತ್ತಿರದ್ದು. ದುಡಿಮೆ ಎಂದರೆ ಯಾವುದು? ದುಡಿಯುವವರೆಂದು ಯಾರನ್ನು ಕರೆಯಬೇಕು? ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಗೆ ಕೊಟ್ಟ ಉತ್ತರವು ತಮಗೆಲ್ಲ ತಿಳಿದಿದೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚಾಗಿ ತಂದಾಗ, ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದವರು ಅವರ ಧರ್ಮಪತ್ನಿ ಲಕ್ಕಮ್ಮನವರು. ಆ ಮನೆಯಲ್ಲಿ ಕಾಯಕದ ಅಳತೆಯನ್ನು ಬಲ್ಲವರು ಗೃಹಿಣಿಯೇ. ಕದಿರೆ ರೆಮ್ಮವ್ವೆಯವರ ಹೆಸರಿನಲ್ಲಿ ನೂಲುವ ಕದಿರು ಸೇರಿಕೊಂಡಿದೆ. ಹೆಂಗಸಿನ ದುಡಿಮೆಯನ್ನು ಹೆಸರಿಟ್ಟು ಕರೆದು ಗೌರವಿಸಿದ ಪರಂಪರೆ ನಮ್ಮದು. ಇಂತಹ ನಾಡಿನಲ್ಲಿಯೂ ಸರಕಾರದ ಲೆಕ್ಕದ ಪುಸ್ತಕಗಳು ಬಹುಕಾಲ ಆ ದುಡಿಮೆಯನ್ನು ಕಾಣದೆ ಹೋದುವೆಂಬುದು ಯೋಚಿಸತಕ್ಕ ವಿಷಯ.

ದೇವಕಿಯವರ ತಂದೆ ಎಂ. ಎ. ಶ್ರೀನಿವಾಸನ್ ಅವರು ಮೈಸೂರು ಸಂಸ್ಥಾನದಲ್ಲಿ ಮಂತ್ರಿಗಳಾಗಿದ್ದು, ಗ್ವಾಲಿಯರ್ ಸಂಸ್ಥಾನದಲ್ಲಿ ದಿವಾನಗಿರಿಯನ್ನು ನಡೆಸಿದವರು. ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಹೆಣ್ಣುಮಗಳಿಗೆ ಕಟ್ಟುಪಾಡುಗಳಿದ್ದುವು. ಮೈಸೂರು ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದ ಬಳಿಕ, 1955ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಅವರು ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜನ್ನು ಸೇರಿದರು. ದಿವಾನರ ಮಗಳು ಅಲ್ಲಿ ಫೀಜು ತೆರುವುದಕ್ಕಾಗಿ ಒಂದು ಕಾಫಿ ಅಂಗಡಿಯಲ್ಲಿ ಎಂಜಲು ಪಾತ್ರೆಗಳನ್ನು ತೊಳೆದು ಹಣ ಸಂಪಾದಿಸಬೇಕಾಯಿತು. ಆ ಕಷ್ಟದಲ್ಲಿಯೇ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳಲ್ಲಿ ಆಕ್ಸ್‌ಫರ್ಡಿನ ಪದವಿಯನ್ನು ಗಳಿಸಿದರು. ಸ್ವದೇಶಕ್ಕೆ ಹಿಂದಿರುಗಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ 1969ರವರೆಗೆ ಅರ್ಥಶಾಸ್ತ್ರವನ್ನು ಬೋಧಿಸಿದರು. ಗಾಂಧೀಮಾರ್ಗದಲ್ಲಿ ನಡೆದು ಸಹಕಾರ ಮತ್ತು ಕೈಕಸಬುಗಳ ಏಳಿಗೆಗಾಗಿ ದುಡಿದ ಲಕ್ಷ್ಮೀಚಂದ್ ಜೈನ್ ಅವರನ್ನು, ತಂದೆಯ ಇಚ್ಛೆಗೆ ವಿರುದ್ಧವಾಗಿ, ವರಿಸಿದರು.

1975ನೆಯ ಇಸವಿಯನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಮಹಿಳಾ ವರ್ಷವೆಂದು ಸಾರಿತು. ಆ ಸಂದರ್ಭದಲ್ಲಿ ಭಾರತ ಸರಕಾರದ ಪ್ರಕಟಣ ವಿಭಾಗವು ಹೊರತಂದ ‘ಇಂಡಿಯನ್ ವಿಮೆನ್’ ಎಂಬ ಗ್ರಂಥವನ್ನು ಸಂಪಾದಿಸಿದವರು ದೇವಕಿಯವರು. ಅಲ್ಲಿಂದ ಮುಂದೆ ಅವರ ವಿದ್ವತ್ತು ಬಡಹೆಂಗಸರ ದುಡಿಮೆಯ ಕಡೆಗೆ ತಿರುಗಿತು. ನಮ್ಮ ಹಿರಿಯರು ಖಾನೇಸುಮಾರಿ ಎನ್ನುತ್ತಿದ್ದ ಜನಗಣತಿಯವರು ಬಾಗಿಲಿಗೆ ಬಂದು ‘ಮನೆಯಲ್ಲಿ ದುಡಿಯುವವರು ಯಾರು’ ಎಂದು ಯಜಮಾನನನ್ನು ಕೇಳಿದರೆ, ಆತನು ತನ್ನ ಹೆಸರನ್ನೂ ಗಂಡುಮಕ್ಕಳ ಹೆಸರನ್ನೂ ಹೇಳುವನು. ಹೆಂಡತಿಯ ಮಾತು ಬಂದಾಗ ‘ಆಕೆ ಮನೆಯಲ್ಲಿರುವಳು’ ಎನ್ನುವನು. ಬೆಳಗಿನಿಂದ ಕೊಟ್ಟಿಗೆಯಲ್ಲಿಯೂ ಹೊಲದಲ್ಲಿಯೂ ಇದ್ದವಳು ಕಾಗದದ ಮೇಲೆ ದುಡಿಯದವಳಾಗುವಳು. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ 93 ಎಂಬ ಒಂದು ಸಂಕೇತಾಂಕವಿದೆ. ಮನೆಗೆಲಸದ ಜೊತೆಗೆ ಸೌದೆ ತರುವುದು, ದನಕ್ಕೆ ಮೇವು ಕೂಡಿಸುವುದು, ಸೊಪ್ಪು ಗೆಡ್ಡೆಗಳನ್ನು ಆಯುವುದು ಮುಂತಾದುವನ್ನು ಮನೆಯ ಉಪಯೋಗಕ್ಕಾಗಿ ಮಾಡುವವರಿಗೆ ಆ ಅಂಕವು ಸಲ್ಲುವುದು; ಅವರು ಶ್ರಮಿಕರ ಗುಂಪಿನಿಂದ ಹೊರಗೆ ನಿಲ್ಲುವರು.

ಈ ಲೆಕ್ಕವು ಸರಿಯೇ ಎಂಬುದನ್ನು ಪರೀಕ್ಷಿಸಲು ದೇವಕಿಯವರೂ ಅವರ ಸಹೋದ್ಯೋಗಿ ಮಾಲಿನಿ ಚಾಂದ್ ಅವರೂ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳಗಳ ಆರು ಹಳ್ಳಿಗಳನ್ನು ಆರಿಸಿಕೊಂಡರು. ಯಜಮಾನನನ್ನು ಕೇಳಿ ಬರೆದುಕೊಳ್ಳುವ ಬದಲು, ಮನೆಯ ಒಬ್ಬೊಬ್ಬರೂ ಯಾವ ಹೊತ್ತಿನಲ್ಲಿ ಏನು ಮಾಡುವರೆಂಬುದನ್ನು ನೋಡಿ ಬರೆಸಿದರು. ಕಂಡುಬಂದ ಸಂಗತಿಯು ಸರಳವಾದುದು. ‘ಕೆಲಸವಿಲ್ಲದವರು’ ಎಂದು ಬರೆಯಲ್ಪಡುತ್ತಿದ್ದ ಅನೇಕ ಹೆಂಗಸರೂ ಮಕ್ಕಳೂ ಮನೆಯ ಜೀವನೋಪಾಯಕ್ಕೆ ಬೇಕಾದ ಕೆಲಸದಲ್ಲಿ ಗಂಟೆಗಟ್ಟಲೆ ತೊಡಗಿದ್ದರು. ಬಡತನ ಹೆಚ್ಚಿದ ಮನೆಗಳಲ್ಲಿ ಹೆಂಗಸಿನ ದುಡಿಮೆಯೇ ಆಧಾರವಾಗಿತ್ತು.

ಪುಸ್ತಕದಲ್ಲಿ ಬರೆದರೇನು, ಬಿಟ್ಟರೇನು ಎಂದು ಕೆಲವರು ಕೇಳಬಹುದು. ನಮ್ಮ ರೇಷ್ಮೆಯ ಸೀಮೆಯನ್ನೇ ನೋಡೋಣ. ಹಿಪ್ಪುನೇರಳೆಯ ಸೊಪ್ಪನ್ನು ಹೆಚ್ಚಿ ಹೊತ್ತುಹೊತ್ತಿಗೆ ಹುಳುಗಳಿಗೆ ಹಾಕುವ, ತಟ್ಟೆಗಳನ್ನು ಶುಚಿಮಾಡುವ, ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ಬಹುಪಾಲು ಮನೆಯ ಹೆಂಗಸರದು. ಗೂಡನ್ನು ಮಾರುಕಟ್ಟೆಗೆ ಒಯ್ದು ಹಣ ಎಣಿಸಿಕೊಳ್ಳುವವರು ಸಾಮಾನ್ಯವಾಗಿ ಗಂಡಸರು. ದುಡಿಯುವವಳೆಂದು ಆಕೆಯ ಹೆಸರು ಎಲ್ಲಿಯೂ ಬರೆಯಲ್ಪಡದಿದ್ದರೆ, ಹೊಸ ಕ್ರಮವನ್ನು ಕಲಿಸುವ ಶಿಕ್ಷಣಕ್ಕೆ ಆಕೆಗೆ ಕರೆ ಬಾರದು. ಸಾಲವು ಆಕೆಯ ಹೆಸರಿಗೆ ಹುಟ್ಟದು. ಊರಿಗೆ ಬಾವಿಯು ಮೊದಲೋ ಬೇರೊಂದು ಕಟ್ಟಡವು ಮೊದಲೋ ಎಂಬ ಚರ್ಚೆಯಲ್ಲಿ, ನೀರು ಹೊತ್ತವಳ ಆಯಾಸವು ತೂಕಕ್ಕೆ ಬಾರದು. ಎಣಿಕೆಯಲ್ಲಿ ಇಲ್ಲದವರಿಗೆ ಹಂಚಿಕೆಯಲ್ಲಿಯೂ ಪಾಲು ಇರುವುದಿಲ್ಲ. ದೇವಕಿಯವರ ವಾದದ ಸಾರವು ಇದೇ.

ಅವರು ಹೆಂಗಸರನ್ನು ಕೇವಲ ಮರುಕಕ್ಕೆ ಪಾತ್ರರೆಂದು ಭಾವಿಸಲಿಲ್ಲ. 1980ರಲ್ಲಿ ಪ್ರಕಟವಾದ ‘ವಿಮೆನ್ಸ್ ಕ್ವೆಸ್ಟ್ ಫಾರ್ ಪವರ್’ ಎಂಬ ಗ್ರಂಥದಲ್ಲಿ ಅಹಮದಾಬಾದಿನ ಸೇವಾ ಸಂಘ, ಖೇಡಾ ಜಿಲ್ಲೆಯ ಹಾಲು ಉತ್ಪಾದಕರು, ಲಿಜ್ಜತ್ ಹಪ್ಪಳದವರು, ಮಧುಬನಿಯ ಚಿತ್ರಗಾರ್ತಿಯರು, ಮಣಿಪುರದಲ್ಲಿ ಕುಡಿತದ ಪಿಡುಗಿನ ವಿರುದ್ಧ ರಾತ್ರಿ ಪಹರೆ ತಿರುಗಿದ ತಾಯಂದಿರು ಎಂಬ ಐದು ನಿದರ್ಶನಗಳನ್ನು ವಿವರಿಸಿದರು. ಹೆಂಗಸರು ಒಗ್ಗೂಡಿದಾಗ ಏನಾಗುವುದು, ಒಗ್ಗೂಡಿದರೂ ಅಧಿಕಾರವು ಕೈಗೆ ಬಾರದಿದ್ದರೆ ಏನಾಗುವುದು ಎಂಬುದೇ ಅಲ್ಲಿಯ ವಿಚಾರ. ಸಮಾಜಾಧ್ಯಯನಕ್ಕಾಗಿ ಒಂದು ಧರ್ಮದರ್ಶಿ ಸಂಸ್ಥೆಯನ್ನು ಕಟ್ಟಲು ನೆರವಾಗಿ, 1994ರವರೆಗೆ ಅದರ ನಿರ್ದೇಶಕಿಯಾಗಿದ್ದರು. 1984ರಲ್ಲಿ ಬೆಂಗಳೂರಿನಲ್ಲಿ ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ವಿದುಷಿಯರು ಕೂಡಿ ‘ಡಾನ್’ ಎಂಬ ಬಳಗವನ್ನು ಆರಂಭಿಸಿದಾಗ ಅದರ ಸಂಸ್ಥಾಪಕರಲ್ಲಿ ಇವರು ಒಬ್ಬರು. ಬಡರಾಷ್ಟ್ರಗಳ ಹೆಂಗಸರ ಕಣ್ಣಿನಿಂದ ಅಭಿವೃದ್ಧಿಯನ್ನು ಅಳೆಯಬೇಕೆಂಬ ಆ ಬಳಗದ ಮಾತು 1985ರ ನೈರೋಬಿಯ ವಿಶ್ವ ಮಹಿಳಾ ಸಮ್ಮೇಳನವನ್ನು ಮುಟ್ಟಿತು. ತಾಂಜಾನಿಯದ ಜೂಲಿಯಸ್ ನ್ಯೆರೆರೆ ಅವರ ಅಧ್ಯಕ್ಷತೆಯಲ್ಲಿ 1987ರಿಂದ 1990ರವರೆಗೆ ನಡೆದ ದಕ್ಷಿಣ ಆಯೋಗಕ್ಕೂ ಇವರು ಸದಸ್ಯರಾಗಿದ್ದರು. 2006ರಲ್ಲಿ ಪದ್ಮಭೂಷಣ ಪ್ರಶಸ್ತಿ ದೊರೆಯಿತು. 2020ರಲ್ಲಿ ತಮ್ಮ ಜೀವನಸ್ಮರಣೆಯನ್ನು ‘ದಿ ಬ್ರಾಸ್ ನೋಟ್‌ಬುಕ್’ ಎಂಬ ಹೆಸರಿನಿಂದ ಪ್ರಕಟಿಸಿದರು.

ಇಂತಹ ಪ್ರಯತ್ನಗಳು ಒಬ್ಬರಿಂದಲೇ ಫಲಿಸುವುದಿಲ್ಲ, ಅನೇಕರು ಕೈಗೂಡಿಸಿದರು. 1991ರ ಜನಗಣತಿಯ ಪ್ರಶ್ನೆಯಲ್ಲಿ, ಹೊಲದಲ್ಲಿಯೂ ಮನೆತನದ ಉದ್ಯಮದಲ್ಲಿಯೂ ಕೂಲಿಯಿಲ್ಲದೆ ಮಾಡುವ ಕೆಲಸವೂ ಕೆಲಸವೇ ಎಂಬ ಮಾತು ಸೇರಿತು. 1998–99ರಲ್ಲಿ ಕೇಂದ್ರ ಸರಕಾರವು ಆರು ರಾಜ್ಯಗಳಲ್ಲಿ ಜನರ ಹೊತ್ತಿನ ಲೆಕ್ಕವನ್ನು ಮೊದಲ ಬಾರಿಗೆ ತೆಗೆಸಿತು. ಅಡಿಗೆ, ಶುಚಿತ್ವ, ಮಕ್ಕಳ ಮತ್ತು ರೋಗಿಗಳ ಆರೈಕೆ ಮೊದಲಾದುವಕ್ಕೆ ವಾರದಲ್ಲಿ ಗಂಡಸರು ಸರಾಸರಿ ಸುಮಾರು 3.6 ಗಂಟೆಗಳನ್ನೂ ಹೆಂಗಸರು ಸುಮಾರು 34.6 ಗಂಟೆಗಳನ್ನೂ ಕೊಡುತ್ತಿದ್ದರೆಂದು ತಿಳಿದುಬಂದಿತು. 2019ರಲ್ಲಿ ದೇಶವ್ಯಾಪಿಯಾಗಿ ನಡೆದ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷಗಳನ್ನೂ, ಅದರಲ್ಲಿ ತೊಡಗಿದ ಗಂಡಸರು 97 ನಿಮಿಷಗಳನ್ನೂ ವ್ಯಯಿಸುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಈ ಅಂಕಗಳು 289 ಮತ್ತು 88 ಆದುವು. ಹೆಂಗಸಿನ ಹೊರೆಯು ಹತ್ತು ನಿಮಿಷ ಇಳಿದರೆ ಗಂಡಸಿನ ಪಾಲೂ ಒಂಬತ್ತು ನಿಮಿಷ ಇಳಿಯಿತು. ಅಂತರವು ಬಹುಮಟ್ಟಿಗೆ ಇದ್ದಂತೆಯೇ ಉಳಿಯಿತು.

ತಾಯಿಯ ಸೇವೆಯನ್ನು ಗಡಿಯಾರದಿಂದ ಅಳೆಯುವುದು ಆಕೆಯ ಪ್ರೇಮಕ್ಕೆ ಅಪಚಾರವಲ್ಲವೇ ಎಂಬ ಆಕ್ಷೇಪವನ್ನು ನಾನು ಬಲ್ಲೆನು. ಭಕ್ತಿಯಿಂದ ಹುಟ್ಟಿದ ಆಕ್ಷೇಪವಾದುದರಿಂದ ಅದಕ್ಕೆ ಗೌರವದಿಂದಲೇ ಉತ್ತರ ಹೇಳಬೇಕು. ಶ್ರೀಮಠದ ದಾಸೋಹಕ್ಕೆ ಬಂದ ಅಕ್ಕಿಯನ್ನು ನಾವು ಸೇರುಸೇರಾಗಿ ಅಳೆದು ಬರೆದಿಡುತ್ತೇವೆ. ಅದರಿಂದ ದಾನಿಯ ಭಕ್ತಿಗೆ ಕುಂದಾಗಲಿಲ್ಲ, ವಿಶ್ವಾಸವು ಬೆಳೆಯಿತು. ಅಳತೆಯೆಂದರೆ ಬೆಲೆ ಕಟ್ಟುವುದಲ್ಲ, ಕಣ್ಣಿಟ್ಟು ನೋಡುವುದು. ನೋಡದೆ ಹೋದರೆ, ತಾಯಿಯಿಂದ ಹೊರಲಾಗದ ಹೊರೆಯು ಮಗಳ ತಲೆಯ ಮೇಲೆ ಬೀಳುವುದು. ಆಕೆಯು ಶಾಲೆಯನ್ನು ಬಿಡುವಳು. ಮನೆಯವರು ಅದನ್ನು ಪ್ರೇಮವೆಂದೇ ಕರೆಯುತ್ತಿರುವರು. ಕಾಯಕವು ಕೈಲಾಸವೆಂದ ಧರ್ಮದಲ್ಲಿ, ಒಬ್ಬರ ಕಾಯಕವನ್ನು ಇನ್ನೊಬ್ಬರು ವಿರಾಮವಾಗಿ ಅನುಭವಿಸುತ್ತಿದ್ದರೆ, ಕೈಲಾಸವು ಯಾರದು?

ಆದುದರಿಂದ ಈ ಮಂಗಳ ಸಮಯದಲ್ಲಿ ಶ್ರೀಸನ್ನಿಧಾನದಲ್ಲಿ ಒಂದು ಭಿನ್ನಹವನ್ನು ಮಾಡಿಕೊಳ್ಳುವೆನು. ಅಕ್ಕಿಯ ಚೀಲಗಳನ್ನು ಕೊಟ್ಟವರ ಹೆಸರುಗಳು ಮಠದ ಕಡತದಲ್ಲಿವೆ. ಆ ಅಕ್ಕಿಯನ್ನು ಆರಿಸಿದವರ, ರೊಟ್ಟಿ ತಟ್ಟಿದವರ, ಪಾತ್ರೆ ಬೆಳಗಿದವರ ಹೆಸರುಗಳಿಗೂ ಅದೇ ಕಡತದಲ್ಲಿ ಒಂದು ಪುಟವು ತೆರೆಯಲಿ. ಇವರು ಇಷ್ಟು ದಿನ ಇಷ್ಟು ಹೊತ್ತು ದಾಸೋಹ ಮಾಡಿದರು ಎಂದು ಬರೆಯಲ್ಪಡಲಿ. ಭಕ್ತಮಹಾಶಯರು ತಮ್ಮ ತಮ್ಮ ಮನೆಗಳಲ್ಲಿ ಒಂದು ದಿನ, ಬೆಳಗಿನಿಂದ ರಾತ್ರಿಯವರೆಗೆ, ಯಾರು ಎಷ್ಟು ಹೊತ್ತು ಏನು ಮಾಡಿದರೆಂದು ಬರೆದು ನೋಡಲಿ. ಬರೆದ ಮೇಲೆ ಆ ಕಾಗದವನ್ನು ಇಷ್ಟಲಿಂಗದ ಪೂಜೆಯ ಹೊತ್ತಿನಲ್ಲಿ ಒಮ್ಮೆ ಓದಿಕೊಳ್ಳಲಿ. ಮುಂದೆ ಮಾಡಬೇಕಾದುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.