ಕೆರೆ ಹಾಳಾದರೆ ಯಾರನ್ನು ಕೇಳಬೇಕು?



ನೀವೆಲ್ಲ ಈಗ ಓದು ಬರಹ ಕಲಿತಿದ್ದೀರಿ. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ಸಹಿ ಹಾಕುತ್ತಿದೆ. ಆ ಕೈಯಿಂದ ಬರೆದ ಒಂದು ಅರ್ಜಿಗೆ ಎಷ್ಟು ಬಲ ಇದೆ ಗೊತ್ತೇ? ಇವತ್ತು ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಿಮ್ಮೂರ ಕೆರೆಯನ್ನೇ ತಗೊಳ್ಳಿ. ಪಕ್ಕದ ಕಾರ್ಖಾನೆಯ ಕೊಳಕು ನೀರು ಅದಕ್ಕೆ ಬಂದು ಸೇರುತ್ತಿದೆ. ಮೀನು ಸಾಯುತ್ತಿವೆ. ದನ ನೀರು ಮುಟ್ಟುತ್ತಿಲ್ಲ. ನೀವು ಪಂಚಾಯಿತಿಗೆ ಹೇಳಿದಿರಿ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಟ್ಟಿರಿ. ಆರು ತಿಂಗಳಾದರೂ ಯಾರೂ ಬಂದು ನೋಡಲಿಲ್ಲ. ಆಗೇನು ಮಾಡೋದು? ಹಣೆಬರಹ ಅಂತ ಸುಮ್ಮನಿರಬೇಕೇ?

ಬೇಡ. ಶುದ್ಧ ನೀರು, ಶುದ್ಧ ಗಾಳಿ ಯಾರೋ ಕೊಡುವ ದಾನವಲ್ಲ. ಅವು ನಮ್ಮ ಬದುಕುವ ಹಕ್ಕಿನಲ್ಲೇ ಸೇರಿವೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಆ ಹಕ್ಕನ್ನು ಕಾಯಬೇಕಾದ ಅಧಿಕಾರಿ ಕೆಲಸ ಮಾಡದಿದ್ದರೆ ಅವರನ್ನು ಕೇಳುವವರೂ ಇದ್ದಾರೆ. ಅವರೇ ಲೋಕಾಯುಕ್ತರು.

ಸ್ವೀಡನ್ ದೇಶದಲ್ಲಿ 1809ರಲ್ಲೇ ಇಂಥ ಹುದ್ದೆ ಹುಟ್ಟಿತು. ಅಲ್ಲಿ ಅದರ ಹೆಸರು ಓಂಬುಡ್ಸ್‌ಮನ್. ನಮ್ಮ ಕರ್ನಾಟಕದಲ್ಲಿ 1984ರ ಕಾಯ್ದೆಯಿಂದ ಲೋಕಾಯುಕ್ತ ಬಂತು. 1986ರಲ್ಲಿ ಕೆಲಸ ಶುರುವಾಯಿತು. ಅಧಿಕಾರಿ ಲಂಚ ಕೇಳಿದರೆ ಮಾತ್ರ ಅಲ್ಲಿಗೆ ಹೋಗಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಾಡಬೇಕಾದ ಕೆಲಸ ಮಾಡದೆ ಸುಮ್ಮನೆ ತಡಮಾಡಿದರೂ ದೂರು ಕೊಡಬಹುದು.

ಬಳ್ಳಾರಿಯ ಕಥೆ ಕೇಳಿ. ಅಲ್ಲಿ ಕಬ್ಬಿಣದ ಅದಿರಿಗಾಗಿ ಗುಡ್ಡಗಳನ್ನೇ ಅಗೆದರು. ಬೆಳೆಯ ಮೇಲೆ ಕೆಂಪು ಧೂಳು ಕೂತಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರು ಕಾಯಬೇಕು? ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ತನಿಖೆ ನಡೆಸಿದರು. 2008ರಲ್ಲಿ ಒಂದು ವರದಿ, 2011ರ ಜುಲೈನಲ್ಲಿ ಇನ್ನೊಂದು ವರದಿ ಕೊಟ್ಟರು. ಸರ್ಕಾರದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಆಗಿದೆ ಎಂದು ಎರಡನೆಯ ವರದಿ ಲೆಕ್ಕ ಹಾಕಿತು. ಅತ್ತ ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2011ರ ಜುಲೈ 29ರಂದು ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಲು ಆದೇಶ ಕೊಟ್ಟಿತು. ಮುಂದೆ 2013ರಲ್ಲಿ ಷರತ್ತು ಹಾಕಿ ಕೆಲವು ಗಣಿಗಳಿಗೆ ಮಾತ್ರ ಅನುಮತಿ ಕೊಟ್ಟಿತು.

ಇದರಿಂದ ನಮಗೇನು ತಿಳಿಯಿತು? ಲೋಕಾಯುಕ್ತರು ತನಿಖೆ ಮಾಡಿ ಸತ್ಯ ಹೊರಗೆ ತರುತ್ತಾರೆ. ಸರ್ಕಾರಕ್ಕೆ ಶಿಫಾರಸು ಮಾಡುತ್ತಾರೆ. ಕ್ರಮ ಕೈಗೊಳ್ಳಬೇಕಾದ್ದು ಸರ್ಕಾರ. ಗಣಿ ನಿಲ್ಲಿಸಲು ಆದೇಶ ಕೊಟ್ಟಿದ್ದು ಕೋರ್ಟು. ಹಿಂದೆ ನಿಂತು ಪಟ್ಟು ಹಿಡಿಯಬೇಕಾದವರು ಮಾತ್ರ ಜನ, ಅಂದರೆ ನಾವು.

ಹಾಗಾದರೆ ದೂರು ಹೇಗೆ ಬರೆಯಬೇಕು? “ಕೆರೆ ಕೆಟ್ಟಿದೆ” ಅಂತ ಬರೆದರೆ ಸಾಲದು. ಲೋಕಾಯುಕ್ತರು ಬಂದು ಕೆರೆ ತೊಳೆಯುವುದಿಲ್ಲ. ತೊಳೆಸಬೇಕಾದವರನ್ನು ಪ್ರಶ್ನೆ ಮಾಡುತ್ತಾರೆ. ಅದಕ್ಕೇ ಹೀಗೆ ಬರೆಯಿರಿ: ಇಂಥ ದಿನ, ಇಂಥ ಕಚೇರಿಗೆ, ಇಂಥ ಅಧಿಕಾರಿಗೆ ಅರ್ಜಿ ಕೊಟ್ಟೆವು. ಅವರು ಇಷ್ಟು ದಿನ ಏನೂ ಮಾಡಲಿಲ್ಲ.

ಆದ್ದರಿಂದ ಯಾವ ಕಚೇರಿಗೆ ಅರ್ಜಿ ಕೊಟ್ಟರೂ ಒಂದು ನಕಲು ಇಟ್ಟುಕೊಳ್ಳಿ. ಅದರ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. “ಆಮೇಲೆ ಬಾರಮ್ಮ” ಅಂದರೆ ಎದ್ದು ಬರಬೇಡಿ. ಆ ಮೊಹರೇ ನಿಮ್ಮ ಸಾಕ್ಷಿ. ಕೆರೆಯ ಫೋಟೋ ಇದ್ದರೆ ಅದನ್ನೂ ಇಡಿ. ಲೋಕಾಯುಕ್ತಕ್ಕೆ ದೂರು ಕೊಡಲು ಒಂದು ನಮೂನೆ ಇದೆ. ಜೊತೆಗೆ ಅಫಿಡವಿಟ್ ಬೇಕು. ಅಫಿಡವಿಟ್ ಅಂದರೆ, ಬರೆದದ್ದೆಲ್ಲ ನಿಜ ಅಂತ ಪ್ರಮಾಣ ಮಾಡಿದ ಕಾಗದ. ತಡಮಾಡಬೇಡಿ, ದೂರಿಗೆ ಕಾಲಮಿತಿ ಉಂಟು. ಸುಳ್ಳು ಬರೆಯಬೇಡಿ, ಸುಳ್ಳು ದೂರಿಗೆ ಶಿಕ್ಷೆಯೂ ಉಂಟು.

ಒಬ್ಬರೇ ಹೋಗೋಕೆ ಭಯವೇ? ಹನಿಹನಿ ಗೂಡಿದರೆ ಹಳ್ಳ. ಓಣಿಯವರೆಲ್ಲ ಸೇರಿ ಮಾತಾಡಿ. ಒಬ್ಬರು ಬರೆಯಲಿ, ಒಬ್ಬರು ಗಟ್ಟಿಯಾಗಿ ಓದಿ ಹೇಳಲಿ, ಎಲ್ಲರೂ ಸಹಿ ಹಾಕಲಿ.

ಕೆರೆ ನಮ್ಮದು. ಅಕ್ಷರವೂ ಈಗ ನಮ್ಮದು. ನಾಳೆ ಕಲಿಕಾ ಕೇಂದ್ರಕ್ಕೆ ಬರುವಾಗ ಒಂದು ಬಿಳಿ ಹಾಳೆ ತನ್ನಿ. ನಿಮ್ಮೂರ ಕೆರೆಯ ಅರ್ಜಿಯನ್ನು ಇಲ್ಲೇ ಕೂತು ಬರೆಯೋಣ.