ಮರದ ಮನೆ ಮತ್ತು ಒಬ್ಬ ವಿದ್ಯಾರ್ಥಿಯ ಪ್ರಶ್ನೆ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಉರ್ದು ಮತ್ತು ಕನ್ನಡ ಪಾಠ ಹೇಳುವ ಶಿಕ್ಷಕನಿಗೆ ಮನೆ ಕಟ್ಟುವ ವಿಷಯದಲ್ಲಿ ಮಾತನಾಡುವ ಅಧಿಕಾರ ಎಲ್ಲಿಂದ ಬಂತು ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಈ ವಿಷಯವನ್ನು ನಾನು ಆರಿಸಿಕೊಳ್ಳಲಿಲ್ಲ, ನನ್ನ ತರಗತಿಯ ಒಬ್ಬ ಹುಡುಗ ನನ್ನ ಕೊರಳಿಗೆ ಕಟ್ಟಿದ.

ಒಂಬತ್ತನೇ ತರಗತಿಗೆ 'ಪರಿಸರ ಸಂರಕ್ಷಣೆ' ಎಂಬ ಪ್ರಬಂಧ ಬರೆಸುತ್ತಿದ್ದೆ. ಎಲ್ಲ ಶಿಕ್ಷಕರೂ ಮಾಡುವಂತೆ ನಾನೂ ಕಪ್ಪು ಹಲಗೆಯ ಮೇಲೆ ಅಂಶಗಳನ್ನು ಬರೆದೆ. ಮೊದಲನೆಯ ಅಂಶ, 'ಮರ ಕಡಿಯುವುದು ಪ್ರಕೃತಿಗೆ ಬಗೆಯುವ ದ್ರೋಹ.' ಎಲ್ಲರೂ ತಲೆ ತಗ್ಗಿಸಿ ನಕಲು ಮಾಡಿಕೊಂಡರು. ಒಬ್ಬ ಮಾತ್ರ ಆ ಸಾಲನ್ನು ಬಿಟ್ಟು ಎರಡನೆಯದರಿಂದ ಬರೆಯಲು ಶುರು ಮಾಡಿದ್ದ. ಯಾಕೆ ಬಿಟ್ಟೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಮ್ಮ ಅಬ್ಬಾ ಬಡಗಿ. ಅವರು ಮಾಡೋದು ತಪ್ಪಾ?" ಎಂದ. ನನಗೆ ಉತ್ತರ ತೋಚಲಿಲ್ಲ. ಗಂಟೆ ಹೊಡೆಯಿತು, ನಾನು ಉಳಿದುಕೊಂಡೆ. ಆದರೆ ಮನೆಗೆ ಹೋದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಆಮೇಲೆ ನಾನು ಓದಿ ತಿಳಿದುಕೊಂಡದ್ದೇ ಈ ಭಾಷಣ.

ಮರ ಕಡಿಯದೆ ಮನೆ ಕಟ್ಟಿದರೆ ಪ್ರಕೃತಿ ಉಳಿಯುತ್ತದೆ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಹಾಗಾದರೆ ಮರದ ಬದಲು ಏನು ಬಳಸುತ್ತೇವೆ? ಸಿಮೆಂಟು, ಕಬ್ಬಿಣ, ಸುಟ್ಟ ಇಟ್ಟಿಗೆ. ಸಿಮೆಂಟು ತಯಾರಿಸಲು ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಡಬೇಕು. ಸುಟ್ಟಾಗ ಕಲ್ಲಿನೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಕಲ್ಲಿದ್ದಲಿನ ಹೊಗೆ ಬೇರೆ, ಇದು ಬೇರೆ. ಗೂಡಿಗೆ ಸೌರಶಕ್ತಿಯನ್ನೇ ಕೊಟ್ಟರೂ ಕಲ್ಲಿನಿಂದ ಬರುವ ಈ ಅನಿಲ ನಿಲ್ಲುವುದಿಲ್ಲ. ಇಡೀ ಜಗತ್ತಿನ ಇಂಗಾಲದ ಡೈ ಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನದೇ ಪಾಲು.

ಈಗ ಮರದ ಲೆಕ್ಕ ನೋಡಿ. ಹತ್ತನೇ ತರಗತಿಯವರು ಪೆನ್ನು ತೆಗೆಯಿರಿ. ಯುರೋಪಿನ ಮನೆಗಳಿಗೆ ಬಳಸುವ ಸ್ಪ್ರೂಸ್ ಮರದ ಒಂದು ಘನ ಮೀಟರಿನ ತೂಕ ಸುಮಾರು 450 ಕಿಲೋ. ಅದರಲ್ಲಿನ ನೀರಿನ ಅಂಶ ಕಳೆದರೆ 400 ಕಿಲೋ. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ, ಅಂದರೆ 200 ಕಿಲೋ. ಅದನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿ. 700 ಕಿಲೋಗೂ ಹೆಚ್ಚು ಇಂಗಾಲದ ಡೈ ಆಕ್ಸೈಡನ್ನು ಆ ಮರ ಗಾಳಿಯಿಂದ ಹೀರಿ ತನ್ನೊಳಗೆ ಇಟ್ಟುಕೊಂಡಿದೆ. ಮರ ಕಾಡಿನಲ್ಲೇ ಬಿದ್ದು ಕೊಳೆತರೆ ಅದರ ಬಹುಪಾಲು ಮತ್ತೆ ಗಾಳಿಗೆ ಹೋಗುತ್ತದೆ. ಗೋಡೆಯಾಗಿ ನಿಂತರೆ ಆ ಮನೆ ಇರುವಷ್ಟು ವರ್ಷ ಅಲ್ಲೇ ಇರುತ್ತದೆ.

ಆದರೆ ಮರದಿಂದ ಬಾಗಿಲು ಮಾಡಬಹುದು, ಒಂಬತ್ತು ಅಂತಸ್ತಿನ ಕಟ್ಟಡ ಹೇಗೆ ಮಾಡುವುದು? ಇಲ್ಲಿಗೆ ಪ್ಯಾನೆಲ್ ವಿಷಯ ಬಂತು. ಆಸ್ಟ್ರಿಯಾ ಮತ್ತು ಜರ್ಮನಿ ದೇಶಗಳಲ್ಲಿ 1990ರ ದಶಕದಲ್ಲಿ 'ಕ್ರಾಸ್ ಲ್ಯಾಮಿನೇಟೆಡ್ ಟಿಂಬರ್' ಎಂಬ ಪದ್ಧತಿ ಬೆಳೆಯಿತು. ಆಸ್ಟ್ರಿಯಾದ ಗ್ರಾಜ್ ನಗರದ ಗೆರ್ಹಾರ್ಡ್ ಶಿಕ್‌ಹೋಫರ್ ಎಂಬ ಎಂಜಿನಿಯರ್ 1994ರಲ್ಲಿ ಇದರ ಮೇಲೆಯೇ ಡಾಕ್ಟರೇಟ್ ಪ್ರಬಂಧ ಬರೆದರು. ಅವರಿಗೆ 2019ರಲ್ಲಿ ಸ್ವೀಡನ್ನಿನ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಬಂತು.

ಪದ್ಧತಿ ಸರಳ. ಒಣಗಿಸಿದ ಹಲಗೆಗಳನ್ನು ಒಂದು ಪದರದಲ್ಲಿ ಉದ್ದಕ್ಕೆ ಜೋಡಿಸಿ, ಮೇಲೆ ಅಂಟು ಹಚ್ಚಿ, ಮುಂದಿನ ಪದರವನ್ನು ಅಡ್ಡಕ್ಕೆ ಇಡುತ್ತಾರೆ. ಹೀಗೆ ಮೂರು, ಐದು, ಏಳು ಪದರ. ನಂತರ ಭಾರಿ ಒತ್ತಡ ಕೊಡುತ್ತಾರೆ. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಳೆಗಾಲದಲ್ಲಿ ನಮ್ಮ ಬಾಗಿಲುಗಳು ಬಿಗಿಯಾಗುವುದು ಇದರಿಂದಲೇ. ಅಡ್ಡ ಪದರ ಉದ್ದ ಪದರವನ್ನು ಹಿಡಿದುಕೊಂಡರೆ ಎರಡೂ ಕದಲುವುದಿಲ್ಲ. ಪ್ಲೈವುಡ್ ಗೊತ್ತಿರುವ ಯಾವ ಬಡಗಿಗೂ ಇದನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸ ಗಾತ್ರದಲ್ಲಿ: ಇಲ್ಲಿ ಒಂದೊಂದು ಪ್ಯಾನೆಲ್ ಮೂರು ಮೀಟರ್ ಅಗಲ, ಹದಿನಾರು ಮೀಟರ್ ಉದ್ದದವರೆಗೂ ಇರುತ್ತದೆ. ಬಾಗಿಲು, ಕಿಟಕಿ, ವಿದ್ಯುತ್ ತಂತಿಯ ದಾರಿ ಎಲ್ಲವನ್ನೂ ಕಾರ್ಖಾನೆಯಲ್ಲಿಯೇ ಕಂಪ್ಯೂಟರ್ ಯಂತ್ರ ಕೊರೆದಿಡುತ್ತದೆ. ಲಾರಿಯಲ್ಲಿ ಬರುತ್ತದೆ, ಕ್ರೇನ್ ಎತ್ತುತ್ತದೆ, ಸ್ಕ್ರೂ ಮತ್ತು ಉಕ್ಕಿನ ಪಟ್ಟಿಗಳಿಂದ ಬಿಗಿಯುತ್ತಾರೆ.

ಲಂಡನ್ ನಗರದ ಹ್ಯಾಕ್ನಿ ಪ್ರದೇಶದಲ್ಲಿ ಮರ್ರೆ ಗ್ರೋವ್ ಎಂಬ ರಸ್ತೆಯಿದೆ. ಅಲ್ಲಿ 2009ರಲ್ಲಿ ಪೂರ್ಣಗೊಂಡ ಒಂಬತ್ತು ಅಂತಸ್ತಿನ ಕಟ್ಟಡದಲ್ಲಿ 29 ಮನೆಗಳಿವೆ. ನೆಲ ಅಂತಸ್ತು ಮಾತ್ರ ಕಾಂಕ್ರೀಟು. ಮೇಲಿನ ಎಂಟೂ ಅಂತಸ್ತುಗಳ ಗೋಡೆ, ಚಾವಣಿ, ಲಿಫ್ಟಿನ ಗೂಡು, ಮೆಟ್ಟಿಲು ಎಲ್ಲವೂ ಮರ. ಆಸ್ಟ್ರಿಯಾದಿಂದ ಪ್ಯಾನೆಲ್‌ಗಳು ಬಂದವು. ಎಂಟು ಅಂತಸ್ತನ್ನು ಎತ್ತಿ ನಿಲ್ಲಿಸಿದ್ದು ನಾಲ್ಕು ಜನ ಬಡಗಿಗಳು. ವಾರಕ್ಕೆ ಮೂರು ದಿನದಂತೆ ಒಂಬತ್ತು ವಾರ, ಒಟ್ಟು 27 ದಿನ. ಕಾಂಕ್ರೀಟಿನಲ್ಲಾದರೆ 72 ವಾರ ಬೇಕೆಂದು ಅಂದಾಜಿಸಿದ್ದ ಕಟ್ಟಡ 49 ವಾರಗಳಲ್ಲಿ ಮುಗಿಯಿತು. ನಾಲ್ಕು ಜನ ಬಡಗಿಗಳು! ಇದನ್ನು ಓದಿದ ದಿನ ನಾನು ಆ ಹುಡುಗನನ್ನು ಸ್ಟಾಫ್ ರೂಮಿಗೆ ಕರೆದು ಚಿತ್ರ ತೋರಿಸಿದೆ.

ಕಟ್ಟುವಾಗ ಇಂಗಾಲ ಉಳಿಸಿದರೆ ಸಾಲದು, ವಾಸ ಮಾಡುವಾಗಲೂ ಶಕ್ತಿ ಉಳಿಯಬೇಕು. ಚಳಿ ದೇಶಗಳಲ್ಲಿ ಮನೆಯ ಶಾಖ ಗೋಡೆಯ ಮೂಲಕವೂ ಸಂದುಗಳ ಮೂಲಕವೂ ಸೋರುತ್ತದೆ. ಕಾಂಕ್ರೀಟಿಗೆ ಹೋಲಿಸಿದರೆ ಮರ ಹತ್ತರಲ್ಲೊಂದು ಪಾಲು ಶಾಖವನ್ನು ಸಹ ಸಾಗಿಸುವುದಿಲ್ಲ. ಕಾರ್ಖಾನೆಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕೊರೆದ ಪ್ಯಾನೆಲ್‌ಗಳ ನಡುವೆ ಸಂದು ಕಡಿಮೆ. ಹಾಗಾಗಿ ಸ್ವೀಡನ್ನಿನಲ್ಲಿ ಒಂಟಿ ಮನೆಗಳ ಬಹುಪಾಲು ಕಾರ್ಖಾನೆಯಲ್ಲಿ ತಯಾರಾದ ಮರದ ಗೋಡೆಗಳಿಂದಲೇ ಏಳುತ್ತವೆ.

ಇಷ್ಟೆಲ್ಲ ಹೊಗಳಿದ ಮೇಲೆ ಬೆಂಕಿಯ ಮಾತು ಮುಚ್ಚಿಡುವುದು ಸರಿಯಲ್ಲ. ದಪ್ಪ ಮರ ಉರಿಯುವಾಗ ಹೊರಮೈ ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಒಂದು ಗಂಟೆ ಉರಿದರೆ ಸುಮಾರು ನಾಲ್ಕು ಸೆಂಟಿಮೀಟರ್ ಕರಗುತ್ತದೆ, ಎಂಜಿನಿಯರುಗಳು ಅಷ್ಟನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಆದರೆ ಬೆಂಕಿಗೆ ಅಂಟು ಬಿಟ್ಟು ಪದರ ಉದುರಿದರೆ ಈ ಲೆಕ್ಕ ತಪ್ಪುತ್ತದೆ. ಅದೇ ಲಂಡನ್ ನಗರದಲ್ಲಿ 2017ರ ಜೂನ್ 14ರಂದು ಗ್ರೆನ್‌ಫೆಲ್ ಟವರ್ ಹೊತ್ತಿಕೊಂಡು 72 ಜನ ತೀರಿಕೊಂಡರು. ಅದು ಕಾಂಕ್ರೀಟ್ ಕಟ್ಟಡ, ಬೆಂಕಿ ಹರಡಿದ್ದು ಹೊರಗೋಡೆಗೆ ಹೊದಿಸಿದ್ದ ಪ್ಲಾಸ್ಟಿಕ್ ತಿರುಳಿನ ಅಲ್ಯೂಮಿನಿಯಂ ಹಾಳೆಗಳಿಂದ. ಆದರೂ 2018ರ ಕೊನೆಯಲ್ಲಿ ಇಂಗ್ಲೆಂಡ್ ಸರ್ಕಾರ 18 ಮೀಟರಿಗಿಂತ ಎತ್ತರದ ವಾಸದ ಕಟ್ಟಡಗಳ ಹೊರಗೋಡೆಯಲ್ಲಿ ಉರಿಯುವ ವಸ್ತುಗಳನ್ನೆಲ್ಲ ನಿಷೇಧಿಸಿತು. ಮರವೂ ಅದರಲ್ಲಿ ಸೇರಿತು. ಮರ್ರೆ ಗ್ರೋವ್ ಕಟ್ಟಡವನ್ನು ಅದೇ ರೀತಿಯಲ್ಲಿ ಈಗ ಅಲ್ಲಿ ಕಟ್ಟಲಾಗದು. ಮರಕ್ಕೆ ಅನ್ಯಾಯವಾಯಿತು ಎನ್ನುವವರಿದ್ದಾರೆ. ಮಕ್ಕಳು ಮಲಗುವ ಮನೆಯ ವಿಷಯದಲ್ಲಿ ಸರ್ಕಾರ ಅತಿ ಎಚ್ಚರ ವಹಿಸಿದರೆ ನಾನಂತೂ ದೂರುವುದಿಲ್ಲ.

ಇನ್ನೊಂದು ಷರತ್ತು ಕಾಡಿನದು. ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆಯದಿದ್ದರೆ ನಾನು ಆಗ ಹೇಳಿದ 700 ಕಿಲೋ ಲೆಕ್ಕ ಬರಿಯ ಕಾಗದದ ಲೆಕ್ಕ. ಆದ್ದರಿಂದ ಕಪ್ಪು ಹಲಗೆಯ ಮೇಲೆ ನಾನು ಬರೆದ ವಾಕ್ಯ ಪೂರ್ತಿ ಸುಳ್ಳಲ್ಲ, ಅರ್ಧ ವಾಕ್ಯ.

ನಮ್ಮ ದೇಶದಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆಯ ಕಟ್ಟಡಗಳಲ್ಲಿ ಮರದ ಬಳಕೆಯನ್ನು 1993ರಲ್ಲಿ ನಿಷೇಧಿಸಿ, 2020ರಲ್ಲಿ ಆ ನಿಷೇಧವನ್ನು ಹಿಂದಕ್ಕೆ ಪಡೆದರು. ಹಾಗೆಂದು ನಾಳೆಯೇ ನಮ್ಮೂರಲ್ಲಿ ಮರದ ಅಂತಸ್ತುಗಳು ಏಳಲಿ ಎಂದು ನಾನು ಹೇಳುವುದಿಲ್ಲ. ನಮಗೆ ಗೆದ್ದಲಿದೆ, ಮುಂಗಾರು ಇದೆ. ಹಗಲು ಸುಡುವ, ರಾತ್ರಿ ತಣ್ಣಗಾಗುವ ಊರುಗಳಲ್ಲಿ ರಾತ್ರಿಯ ತಂಪನ್ನು ಹಿಡಿದಿಡುವ ದಪ್ಪ ಮಣ್ಣಿನ ಗೋಡೆಯೇ ಒಳ್ಳೆಯದಿರಬಹುದು. ನಮ್ಮ ರೈತರು ಬೆಳೆಯುವ ಹೆಬ್ಬೇವು, ಸಿಲ್ವರ್ ಓಕ್ ಮರಗಳು ಭಾರ ಹೊರುವ ಪ್ಯಾನೆಲ್‌ಗೆ ಆಗುತ್ತವೆಯೇ ಎಂಬುದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರಗಳ ಬಗ್ಗೆ ಸಂಶೋಧನೆ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ, ಐ.ಡಬ್ಲ್ಯೂ.ಎಸ್.ಟಿ. ಇದೆ. ಅಲ್ಲಿ ಕಂಪ್ಯೂಟರ್ ಯಂತ್ರಗಳ ಮೇಲೆ ಮರಗೆಲಸದ ತರಬೇತಿಯನ್ನೂ ಕೊಡುತ್ತ ಬಂದಿದ್ದಾರೆ. ಹತ್ತನೇ ತರಗತಿಗೆ ಮುಂಚೆಯೇ ಶಾಲೆ ಬಿಟ್ಟು ಸಾಮಿಲ್ಲಿಗೆ, ಫರ್ನಿಚರ್ ಅಂಗಡಿಗೆ ಹೋಗುವ ನಮ್ಮ ಹುಡುಗರ ಪಾಲಕರು ಇಲ್ಲಿ ಕುಳಿತಿದ್ದೀರಿ. ತಮ್ಮನ್ನು ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಆ ಹುಡುಗನ ತಂದೆ ಒಂದು ದಿನ ಶಾಲೆಗೆ ಬಂದಿದ್ದರು. ಮಗನನ್ನು ಬಿಡಿಸಿ ಕೆಲಸಕ್ಕೆ ಹಚ್ಚುವ ಯೋಚನೆ ಅವರಿಗಿತ್ತು. ಮರ್ರೆ ಗ್ರೋವಿನ ಚಿತ್ರ ಅವರಿಗೂ ತೋರಿಸಿದೆ. ಬಹಳ ಹೊತ್ತು ನೋಡಿ ಅವರು ಕೇಳಿದ್ದು ಎರಡೇ ಪ್ರಶ್ನೆ. ಮೊದಲನೆಯದು, "ಹಲಗೆ ಕುಯ್ದ ತುದಿ ನೀರು ಕುಡೀತದೆ ಸರ್, ಅದನ್ನ ಹೆಂಗೆ ಮುಚ್ತಾರೆ?" ನಿಜವಾಗಿ ಈ ಕಟ್ಟಡಗಳಿಗೆ ದೊಡ್ಡ ಶತ್ರು ನೀರೇ. ಮರವನ್ನು ನೆಲದಿಂದ ಮೇಲೆತ್ತಿ ಇಡುತ್ತಾರೆ, ತುದಿಗಳಿಗೆ ಲೇಪ ಕೊಡುತ್ತಾರೆ, ಹೊರಗೆ ಇನ್ನೊಂದು ಹೊದಿಕೆ ಹಾಕುತ್ತಾರೆ ಎಂದೆ. ಎರಡನೆಯದು, "ಅಳತೆ ತಪ್ಪಿದ್ರೆ?" ನಮ್ಮಲ್ಲಿ ಗೋಡೆ ನೆಟ್ಟಗಿರುವುದಿಲ್ಲವಂತೆ, ಚೌಕಟ್ಟನ್ನೇ ಗೋಡೆಗೆ ತಕ್ಕಂತೆ ಸವರಿ ಕೂರಿಸಬೇಕಂತೆ. ಅಲ್ಲಿ ಸವರುವಂತಿಲ್ಲ, ಅಳತೆಯೆಲ್ಲ ಮೊದಲೇ ನಕ್ಷೆಯಲ್ಲಿ ಸರಿಯಾಗಿರಬೇಕು, ಪ್ಯಾನೆಲ್ ಬಂದ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ ಎಂದೆ. ಅವರು ಮಗನ ಕಡೆ ತಿರುಗಿ, ಲೆಕ್ಕದಲ್ಲಿ ಎಷ್ಟು ನಂಬರ್ ಬಂದಿದೆ ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಿದ. ನಾನು ಭಾಷಾ ಶಿಕ್ಷಕ, ನನಗೆ ಗೊತ್ತಿಲ್ಲ ಎಂದೆ.

ಈಗ ಅವನು ಹತ್ತನೇ ತರಗತಿಯಲ್ಲಿದ್ದಾನೆ. ಆ ಪ್ರಬಂಧವನ್ನು ಮತ್ತೊಮ್ಮೆ ಬರೆದುಕೊಟ್ಟಿದ್ದಾನೆ, ಮೂರು ಕಡೆ ವಿಭಕ್ತಿ ತಪ್ಪಿದೆ.