ಕಾಕಾನ ಟ್ರಂಪೆಟ್ಟಿಗೆ ನಾನು ಹುಣಸೆಹುಳಿ ಹಚ್ಚಿದ ಕತೆ

ಇವತ್ತು ಒಂದು ಟ್ರಂಪೆಟ್ಟಿನ ಕತಿ. ಇಯರ್‌ಫೋನ್ ಹಾಕ್ಕೊಂಡಿದ್ರ ಛಲೋ, ಕೊನೀಗೆ ಅದರ ಧ್ವನಿ ಕೇಳಿಸ್ತೀನಿ.

ನಮ್ಮ ಕಾಕಾ ಶಹಾಬಾದದಾಗ ಲಗ್ನದ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರ, ಸೇಡಂ. ಚಿಂಚೋಳಿಗೆ ರೈಲಿಲ್ಲ, ಬಸ್ಸಿನ ಮೇಲೆ ಡೋಲು ಕಟ್ಟಿಕೊಂಡು ಹೋಗೋದು. ಆಮೇಲೆ ಡಿಜೆ ಬಂತು. ಟ್ರಂಪೆಟ್ ಗೋಣಿಚೀಲ ಸೇರಿ ಅಟ್ಟ ಹತ್ತಿತು. ಈ ಬ್ಯಾಸಗಿಗೆ ಮಗಳ ಲಗ್ನ ಗೊತ್ತಾದಾಗ ಕಾಕಾ ಅಂದದ್ದು ಒಂದೇ ಮಾತು: "ಮಗಳನ್ನ ಕಳಿಸೋ ಮುಂದ ನಾನೇ ಊದ್ತೀನಿ."

ಚೀಲ ಬಿಚ್ಚಿದ್ರೆ ಕರ್ರಗೆ ಇದ್ದಲಿನಂಗಾಗಿತ್ತು. ಅಲ್ಲಲ್ಲಿ ಹಸಿರು ಕಿಲುಬು. ಮೂರು ಗುಂಡಿಯೊಳಗ ಒಂದೂ ಅಲುಗವಲ್ದು. ಒರೆಸಿದಾಗ ಮೀರತ್ ಅಂತ ಕೆತ್ತಿದ್ದು ಕಾಣಿಸ್ತು. ನಮ್ಮ ದೇಶದ ಬ್ಯಾಂಡುಗಳ ವಾದ್ಯ ಬಹಳಷ್ಟು ತಯಾರಾಗೋದು ಉತ್ತರ ಪ್ರದೇಶದ ಆ ಊರಿನಲ್ಲೇ. ಅಲ್ಲಿನ ನಾದಿರ್ ಅಲಿ ಕಂಪನಿ ಶುರುವಾದದ್ದು 1885ರಲ್ಲಿ.

ನಾನು ಅಂದ್ಕೊಂಡೆ, ಹಿತ್ತಾಳಿ ಅಂದ್ರ ಹಿತ್ತಾಳಿ ಅಲ್ಲೇನು? ಅವ್ವ ತಂಬಿಗಿ ತಿಕ್ಕೋ ಹಂಗ ಹುಣಸೆಹಣ್ಣು, ಉಪ್ಪು ಬಳಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹೊಳಪೇನೋ ಬಂದಿತ್ತು, ಜೊತೆಗೆ ಗುಲಾಬಿ ಕಲೆಗಳೂ ಬಂದಿದ್ದವು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿ ಬಹಳ ಹೊತ್ತು ಕೂತರೆ ಮೇಲಿನ ಸತು ಕರಗಿ ತಾಮ್ರ ಉಳಿಯುತ್ತೆ. ತಂಬಿಗಿ ದಪ್ಪ, ತಡ್ಕೊಳ್ತದ. ಟ್ರಂಪೆಟ್ಟಿನ ತಗಡು ಅರ್ಧ ಮಿಲಿಮೀಟರ್ ಆಸುಪಾಸು. ಅಂಗಳದ ಶಹಾಬಾದ್ ಫರಸಿಯೂ ಕೆಟ್ಟಿತು. ಅದು ಸುಣ್ಣದ ಕಲ್ಲು, ಹುಳಿ ಹನಿದಲ್ಲೆಲ್ಲ ಬೆಳ್ಳಗೆ ಮಾಸಿತು. ಅವ್ವನ ಬೈಗುಳ ಇಲ್ಲಿ ಪ್ರಸಾರ ಮಾಡೋಕಾಗಲ್ಲ.

ಕಾಕಾ ಬೈಯಲಿಲ್ಲ. "ತಮ್ಮಾ, ಹೊಳಿಬೇಕಂತ ನಾ ಎಲ್ಲಿ ಅಂದೀನಿ? ಮೊದಲು ಗುಂಡಿ ಬಿಡಿಸು."

ನಾನು ಇಕ್ಕಳ ತಂದೆ. ಕಾಕಾ ಕೈ ಹಿಡಿದ. ಗುಂಡಿಯ ಕೆಳಗಿನ ಪಿಸ್ಟನ್ ಕೂದಲೆಳೆಗಿಂತ ಸಣ್ಣ ಸಂದಿಯಲ್ಲಿ ಓಡಾಡುತ್ತೆ. ಗೀರು ಬಿದ್ರೆ ಗಾಳಿ ಸೋರುತ್ತೆ. ಮರಳುಕಾಗದ ಅಂತೂ ಹತ್ತಿರಕ್ಕೇ ತರಬಾರದು. ತುಕ್ಕು ಬಿಡಿಸೋ ಎಣ್ಣೆ ಸಂದಿಗೆ ಹನಿಸಿ ಕಾದ್ವಿ. ಮೂರನೇ ದಿನ ಮುಚ್ಚಳ ಬಿಚ್ಚಿ, ಕೆಳಗಿಂದ ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಎರಡು ಬಂದವು. ನಡುವಿನದು ಐದನೇ ದಿನ! ಪಿಸ್ಟನ್ ಮೇಲೆ 1, 2, 3 ಅಂತ ನಂಬರ್ ಇರುತ್ತೆ. ಅದಲು ಬದಲು ಮಾಡಬ್ಯಾಡ್ರಿ, ರಂಧ್ರಗಳು ಕೂಡಂಗಿಲ್ಲ, ಗಾಳಿ ಮುಂದ ಹೋಗಂಗಿಲ್ಲ.

ಆಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು, ಎರಡೂ ಕಡೆ ದಾರ ಕಟ್ಟಿದ ಮೆತ್ತನೆ ಅರಿವಿ. ಒಳಗಿಂದ ಹಸಿರು ನೀರು ಬಂತು, ಕಣಜದ ಮಣ್ಣಿನ ಗೂಡೂ ಬಂತು. ಊಟದ ಹೊತ್ತಿಗೆ ಕೇಳ್ತಿದ್ರ ಮಾಫ್ ಮಾಡ್ರಿ. ಆದರೆ ಕಿಲುಬು ವಿಷ, ಅದಕ್ಕೇ ಹೇಳಿದ್ದು. ತೊಳೆಯದೆ ಬಾಯಿಗೆ ಹಚ್ಚಬೇಡಿ. ನಮ್ಮ ಕಡಿ ಬೋರ್ ನೀರು ಗಡಸು, ಒರೆಸದೆ ಬಿಟ್ಟರೆ ಬಿಳಿ ಕಲೆ ಕೂಡ್ತದ. ಕೊನೆಗೆ ಪಿಸ್ಟನ್ನಿಗೆ ವಾಲ್ವ್ ಎಣ್ಣೆ, ಜಾರುವ ನಳಿಗೆಗಳಿಗೆ ವ್ಯಾಸಲೀನ್.

ಗುಲಾಬಿ ಕಲೆ ಹೋಗಲಿಲ್ಲ. ತಿಕ್ಕಿದಷ್ಟೂ ತಗಡು ಸವೆಯುತ್ತೆ ಅಷ್ಟೇ. ಬಾಯಂಚಿನಲ್ಲೊಂದು ತಗ್ಗು ಅದ. ಸೇಡಂದ ಯಾವುದೋ ಮೆರವಣಿಗೆಯಲ್ಲಿ ಮದುಮಗನ ಕುದುರೆ ಒದ್ದದ್ದಂತೆ. ಅದನ್ನ ನೆಟ್ಟಗೆ ಮಾಡಿಸೋಣ ಅಂದ್ರೆ ಕಾಕಾ ಒಪ್ಪಲಿಲ್ಲ.

ಲಗ್ನಕ್ಕ ಇನ್ನೂ ಹನ್ನೆರಡು ದಿನ ಅದ. ಕಾಕಾನ ಮುಂದಿನ ಎರಡು ಹಲ್ಲು ಬಿದ್ದಾವ, ಮ್ಯಾಲಿನ ಸ್ವರ ಹಿಡಿಯಾಕ ಆಗವಲ್ದು. ಆದ್ರೂ ದಿನಾ ಸಂಜಿಗೆ ಮಾಳಿಗಿ ಮ್ಯಾಲ ಕುಂತು ಊದ್ತಾನ. ಡಿಜೆಯವನಿಗೆ ಅವತ್ತು ಐದು ನಿಮಿಷ ಬಂದ್ ಮಾಡು ಅಂತ ಈಗಲೇ ಹೇಳಿಟ್ಟೀವಿ.

ನಿನ್ನೆ ಊದಿದ್ದನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡೀನಿ. ನಡುವೆ ವಾಡಿ ಕಡಿ ಹೋಗೋ ಗಾಡಿ ಸಪ್ಪಳನೂ ಅದ. ಕೇಳ್ರಿ.